ಕಿರುಬೆರಳಿಗೆ ಮಾತ್ರ ಗೊತ್ತಿದ್ದ ಬಿಸಿ

ಕಳೆದ ಫೆಬ್ರವರಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಜರ್ಮನಿಯ ಕಾಸೆಲ್ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ, ಬಸವನ ಬಾಗೇವಾಡಿಯ ನನ್ನ ಅಕ್ಕ ಗೌರವ್ವಳ ಬಲ ಮಣಿಕಟ್ಟನ್ನು ಕೊಯ್ಯಲಾಯಿತು. ಕೊಯ್ದ ಉದ್ದ ಅವಳ ಕಿರುಬೆರಳಿನ ಉಗುರಿನಷ್ಟು. ಒಂಬತ್ತೂವರೆಗೆ ಪಟ್ಟಿ ಕಟ್ಟಿ ಹೊರಗೆ ಕಳಿಸಿದರು. ಅಷ್ಟರೊಳಗೆ ಅಕ್ಕ, ಒಂದಕ್ಷರ ಜರ್ಮನ್ ಬಾರದಿದ್ದರೂ, ತನ್ನ ಕಾಲುಂಗುರ ತೋರಿಸಿ, ಅಲ್ಲಿದ್ದ ನರ್ಸಿಗೆ ಮದುವೆಯಾಗಿಲ್ಲ ಎಂಬುದನ್ನು ತಿಳಿದುಕೊಂಡಿದ್ದಳು.

ಇಷ್ಟು ಸಣ್ಣ ಗಾಯಕ್ಕಾಗಿ ನಾವು ಅಷ್ಟು ದೂರ ಹೋಗಿರಲಿಲ್ಲ. ಹೋದದ್ದು ಬೇರೆ ಕೆಲಸಕ್ಕೆ. ಆ ಕೆಲಸ ಅಕ್ಕನ ಕೈಯಲ್ಲಿ ಉಳಿಯುತ್ತದೋ, ಇಂಡಿ ಊರಿನ ಬೀಗ್ತಿಯ ಪಾಲಾಗುತ್ತದೋ ಎಂಬುದು ಈ ಗಾಯದ ಮೇಲೆ ನಿಂತಿತ್ತು.

ನಾಲ್ಕು ತಾಲ್ಲೂಕು, ಒಂದು ಕೈ

ಅಕ್ಕ ರೊಟ್ಟಿ ಬಡಿಯುವವಳು. ಬಾಗೇವಾಡಿಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಒಣಗಿಸಿ, ಕಟಕ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ದಿನಕ್ಕೆ ಇನ್ನೂರು. ಮದುವೆಯ ಹಂಗಾಮಿನಲ್ಲಿ ಎಷ್ಟೆಂದು ಅವಳೂ ಹೇಳಲಾರಳು. ಎರಡು ವರ್ಷದ ಹಿಂದೆ ಅವಳ ಬಲಗೈ ಜೋಮು ಹಿಡಿಯತೊಡಗಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ. ಅರ್ಧವೆಂದರೆ ಉದ್ದಕ್ಕೆ ಸೀಳಿದಂತೆ ಅರ್ಧ. "ಈ ಮಗ್ಗಲ ನಂದು, ಆ ಮಗ್ಗಲ ಯಾರದೋ ಏನೋ" ಎನ್ನುತ್ತಿದ್ದಳು. ಕಿರುಬೆರಳಿಗೆ ಮಾತ್ರ ಏನೂ ಆಗಿರಲಿಲ್ಲ.

ಸಿಂದಗಿಯಲ್ಲಿರುವ ನಮ್ಮ ಕಾಕಾ ಇದು ವಾತ ಎಂದು ಒಂದು ಬಾಟಲಿ ಎಣ್ಣೆ ಕಳಿಸಿದರು. ಮುದ್ದೇಬಿಹಾಳದ ನಮ್ಮ ತಂಗಿ ಕುತ್ತಿಗೆಯ ಎಲುಬು ಸವೆದಿದೆ ಎಂದಳು. ಅವಳ ಓಣಿಯಲ್ಲಿ ಮೂವರದು ಸವೆದಿತ್ತು, ಅದೇ ಆಧಾರ. ಬಾಗೇವಾಡಿಯಲ್ಲಿ ಭಾವ, ಅಂದರೆ ಅಕ್ಕನ ಗಂಡ, ಮೊಬೈಲು ನೋಡುವುದನ್ನು ಕಡಿಮೆ ಮಾಡು ಎಂದರು. ಸರಿಯಾಗಿ ಹೇಳಿದ್ದು ಇಂಡಿಯಿಂದ. ಅಲ್ಲಿರುವ ಕಾಶೀಬಾಯಿ ಅಕ್ಕನ ಬೀಗ್ತಿ, ಮಗಳ ಅತ್ತೆ.

"ಇದಕ್ಕ ಕಾರ್ಪಲ್ ಟನಲ್ ಅಂತಾರ್ರೀ ಗೌರವ್ವಾರ. ನಂದೂ ಹಿಂಗ ಇತ್ತು. ಸೊಲ್ಲಾಪುರದಾಗ ಕೊಯಿಸ್ಕೊಂಡೇನಿ. ಈಗ ನೋಡ್ರಿ" ಎಂದು ಅಂಗೈ ಬಿಚ್ಚಿ ತೋರಿಸಿದ್ದರು. ಅಂಗೈಯ ನಡುವಿನಿಂದ ಮಣಿಕಟ್ಟಿನ ಕಡೆಗೆ ನೆಟ್ಟಗೆ ಒಂದು ಗೆರೆ. "ದೇವರು ಹಾಕಿದ್ದು ಮೂರು ಗೆರಿ. ನಾಕನೇದು ನಾ ಹಾಕಿಸ್ಕೊಂಡದ್ದು."

ರೋಗವನ್ನು ಬೀಗ್ತಿ ಗುರುತಿಸಿದ್ದೇ ತಪ್ಪಾಯಿತು. ಅಕ್ಕ ಒಂದೂವರೆ ವರ್ಷ ಆ ರೋಗ ತನಗೆ ಇಲ್ಲವೇ ಇಲ್ಲ ಎಂದು ವಾದಿಸಿದಳು. ನಿದ್ದೆಯಲ್ಲಿ ಎಚ್ಚರವಾದಾಗಲೆಲ್ಲ ಕೈಯನ್ನು ಮಂಚದಾಚೆ ಇಳಿಬಿಟ್ಟು ಝಾಡಿಸುತ್ತಿದ್ದಳು. ಯಾರಾದರೂ ಕೇಳಿದರೆ, "ಸೊಳ್ಳಿ ಓಡ್ಸಾಕತ್ತೇನಿ."

ಅವಳ ಮಗಳು ಸುಮಂಗಲಾ ಕಾಸೆಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳಿಯ ಮಲ್ಲಿಕಾರ್ಜುನ ಅದೇ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸ್. ಸುಮಂಗಲಾಗೆ ದಿನ ತುಂಬುತ್ತಿತ್ತು. ಮೊದಲ ಹೆರಿಗೆ, ಮೊದಲ ಬಾಣಂತನ ತವರಿನವರದು. ಮಗಳು ತವರಿಗೆ ಬರುವಂತಿರಲಿಲ್ಲ, ಹೀಗಾಗಿ ತವರೇ ಹೊರಟಿತು. ಭಾವ ಬರಲಿಲ್ಲ. ಆಲಮಟ್ಟಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದ ಅವರು ನಿಡಗುಂದಿಯಿಂದಾಚೆಗೆ ಕಿಟಕಿ ತೆರೆಯಲಾಗದ ಯಾವ ವಾಹನವನ್ನೂ ಹತ್ತುವುದಿಲ್ಲ. ವಿಜಯಪುರದ ಪತ್ರಿಕೆಯೊಂದರಲ್ಲಿ ತಾಲ್ಲೂಕು ಸುದ್ದಿ ತಿದ್ದಿ ನಿವೃತ್ತನಾದ ನಾನು ಜೊತೆಗೆ ಹೊರಟೆ. ನನಗೆ ಇಂಗ್ಲಿಷ್ ಬರುತ್ತದೆ ಎಂಬುದು ಮನೆಯವರ ನಂಬಿಕೆ. ಆ ನಂಬಿಕೆಗೆ ಮುಂದೆ ಏನಾಯಿತು ಎಂಬುದು ಈ ಬರಹದ ನಡುವಿನಲ್ಲಿದೆ.

ಫ್ರಾಂಕ್‌ಫರ್ಟ್

ಅಕ್ಕನ ಪೆಟ್ಟಿಗೆಯಲ್ಲಿ ಅರ್ಧ ಜೋಳದ ಹಿಟ್ಟು, ಅರ್ಧ ಕಟಕ ರೊಟ್ಟಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಪರದೆಯ ಮೇಲೆ ಒಂದರ ಮೇಲೊಂದು ಪೇರಿಸಿದ ದುಂಡನೆಯ ಬಿಲ್ಲೆಗಳನ್ನು ಕಂಡು ಪೆಟ್ಟಿಗೆ ಬಿಚ್ಚಿಸಿದ. ರೊಟ್ಟಿಯೊಂದನ್ನು ಎತ್ತಿ ಬೆರಳ ಗಿಣ್ಣಿನಿಂದ ಬಾರಿಸಿದ. ಟಣ್ ಎಂದಿತು. ಇದು ಯಾವುದರಿಂದ ಮಾಡಿದ ತಟ್ಟೆ ಎಂದು ಕೇಳಿದ.

ತಿನ್ನುವ ವಸ್ತು ಎಂದೆ. ಅವನು ನನ್ನನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಅಕ್ಕ ಅವನ ಕೈಯಿಂದ ರೊಟ್ಟಿ ತೆಗೆದುಕೊಂಡು ಪಟ್ ಎಂದು ಮುರಿದು, ಒಂದು ಚೂರು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅವನ ಕೈಗಿಟ್ಟಳು.

"ತಿನ್ನಪಾ. ಹಲ್ಲ ಗಟ್ಟಿ ಅದಾವಿಲ್ಲ?"

ಕರ್ತವ್ಯದ ಮೇಲಿದ್ದ ಅಧಿಕಾರಿ ತಿನ್ನಲಿಲ್ಲ. ಚೂರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದ. ನಮ್ಮ ಕಡೆ ಪ್ರಸಾದವನ್ನು ಮಾತ್ರ ಹಾಗೆ ಹಿಡಿಯುತ್ತಾರೆ. ಅಕ್ಕನಿಗೆ ಜರ್ಮನಿಯ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂತು.

ಕಾಸೆಲ್‌ಗೆ ಹೋಗುವ ರೈಲಿನಲ್ಲಿ ಆ ಅಭಿಪ್ರಾಯ ಇಳಿಯಿತು. ಡಬ್ಬಿ ತುಂಬ ಜನ, ಒಬ್ಬರೂ ಮಾತಾಡುವುದಿಲ್ಲ. ಇಂಡಿ ಬಸ್ಸಿನಲ್ಲಿ ಝಳಕಿ ಬರುವಷ್ಟರಲ್ಲಿ ಪಕ್ಕದವರ ಹೊಲ, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲ ತಿಳಿದಿರುತ್ತದೆ. ಇಲ್ಲಿ ಒಂದೂವರೆ ತಾಸು ಎದುರು ಕುಳಿತ ಹೆಂಗಸು ಇಳಿಯುವಾಗ ತಲೆಯಾಡಿಸಿ ಏನೋ ಒಂದು ಪದ ಹೇಳಿದಳು.

"ಏನಂದ್ಳು?"

"ಹೋಗಿ ಬರ್ತೀನಿ ಅಂದಳು."

"ಬಂದೇನಿ ಅಂತ ಹೇಳಲಾರದಾಕಿ ಹೋಗಿ ಬರ್ತೇನಿ ಅಂತ ಯಾಕ ಹೇಳ್ಬೇಕು?"

ನಾನು ಕಿಟಕಿಯಾಚೆ ನಿಲ್ದಾಣದ ಹೆಸರು ಓದತೊಡಗಿದೆ.

ಕಾಸೆಲ್, ಮೊದಲ ಭಾನುವಾರ

ಊರ ನಡುವೆ ಫುಲ್ಡಾ ಎಂಬ ನದಿ ಹರಿಯುತ್ತದೆ. ಮಲ್ಲಿಕಾರ್ಜುನ ಹೆಮ್ಮೆಯಿಂದ ಕರೆದೊಯ್ದು ತೋರಿಸಿದ. ಅಕ್ಕ ಈ ದಡ ನೋಡಿದಳು, ಆ ದಡ ನೋಡಿದಳು.

"ಅಳಿಯಂದ್ರ, ಇದು ಕೆನಾಲ್. ಹೊಳಿ ಎಲ್ಲೈತ್ರಿ?"

"ಅತ್ತಿ, ಇದ ಹೊಳಿ."

ಕೃಷ್ಣೆಯನ್ನು ಆಲಮಟ್ಟಿಯಲ್ಲಿ ಕಂಡವರು ಈ ವಿಷಯದಲ್ಲಿ ರಾಜಿಯಾಗುವುದು ಕಷ್ಟ. ಅಕ್ಕ ಉಳಿದಷ್ಟು ದಿನವೂ ಅದನ್ನು ಕೆನಾಲ್ ಎಂದೇ ಕರೆದಳು. "ಕೆನಾಲ್ ತನಕ ಅಡ್ಡ್ಯಾಡಿ ಬರ್ತೇನಿ" ಎಂದರೆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಆ ಭಾನುವಾರ ಬೆಳಗ್ಗೆ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಹಲಗೆ ಇಟ್ಟು, ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ರೊಟ್ಟಿ ಬಡಿಯಲು ನಿಂತಳು. ಬಲಗೈಗೆ ಮೊದಲಿನ ಹದ ಇರಲಿಲ್ಲ. ಪೆಟ್ಟು ಮಾತ್ರ ಮೊದಲಿನದೇ. ನಾಲ್ಕನೆಯ ರೊಟ್ಟಿಗೆ ಬಾಗಿಲ ಗಂಟೆಯಾಯಿತು. ಕೆಳಗಿನ ಮನೆಯ ಮುದುಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟವನು, ಬಹಳ ಮರ್ಯಾದೆಯಿಂದ ಏನನ್ನೋ ವಿವರಿಸಿದ.

"ಏನಂತಾರ್ರೀ?" ಅಕ್ಕ ಕೇಳಿದಳು.

"ಭಾನುವಾರ ಮೊಳಿ ಬಡಿಯಂಗಿಲ್ಲಂತ್ರಿ ಅತ್ತಿ. ಇಲ್ಲಿ ಭಾನುವಾರ ಸಪ್ಪಳ ಮಾಡಬಾರದು. ಕಾಯಿದೆ ಐತಿ."

"ಭಾನುವಾರದ ಸೂಟಿ ಹೊಟ್ಟಿಗೂ ಐತೇನು?"

ಅಳಿಯ ಇದನ್ನು ಅನುವಾದಿಸಲಿಲ್ಲ. ಮುದುಕನಿಗೆ ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡುವುದೆಂದು ತೀರ್ಮಾನವಾಯಿತು. ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತೆಗೆದು ಕೊಡಲು ಹೋದಾಗ ಸುಮಂಗಲಾ ಅವಳ ಕೈ ಹಿಡಿದು ನಿಲ್ಲಿಸಿದಳು. ತೋರುಬೆರಳಿನ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಬೊಬ್ಬೆ ಎದ್ದಿತ್ತು.

"ಯವ್ವಾ, ಇದು ಯಾವಾಗ ಸುಟ್ಟದ್ದು?"

ಅಕ್ಕ ಬೆರಳು ತಿರುಗಿಸಿ ನೋಡಿದಳು. ಅವಳೂ ಆಗಲೇ ನೋಡಿದ್ದು.

"ಈಗ ನಾದುವಾಗ ಇರಬೇಕು."

"ಗೊತ್ತಾಗ್ಲಿಲ್ಲೇನು?"

"ಗಡಿಬಿಡಿಯಾಗ ಇದ್ದೆ."

ಸುಮಂಗಲಾ ಸ್ವಲ್ಪ ಹಾಲು ಬಿಸಿ ಮಾಡಿ ಲೋಟದಲ್ಲಿ ತಂದು, ಕುಡಿಯಲು ಆರಿದೆಯೇ ನೋಡು ಎಂದಳು. ಅಕ್ಕ ಕಿರುಬೆರಳನ್ನು ಅದ್ದಿದಳು. ಯಾರೂ ಹಾಲಿಗೆ ಮೊದಲು ಕಿರುಬೆರಳು ಅದ್ದುವುದಿಲ್ಲ. ಎರಡು ವರ್ಷದಿಂದ ಅವಳು ನೀರು, ಹಾಲು, ಎಣ್ಣೆ ಎಲ್ಲವನ್ನೂ ಕಿರುಬೆರಳಿನಿಂದಲೇ ನೋಡುತ್ತಿದ್ದಳು. ಮನೆಯಲ್ಲಿ ನಾವು ಯಾರೂ ಗಮನಿಸಿರಲಿಲ್ಲ. ಆ ಬೆರಳಿನ ನರ ಬೇರೆ ದಾರಿಯಿಂದ ಬರುತ್ತದೆ ಎಂದು ಸುಮಂಗಲಾ ನನಗೆ ಆಮೇಲೆ ವಿವರಿಸಿದಳು. ಆಗ ಅವಳು ಹೇಳಿದ್ದು ಇಷ್ಟೇ:

"ಬಿಸಿ ಗೊತ್ತಾಗಲಾರದ ಕೈಯಾಗ ನನ್ನ ಕೂಸ ಕೊಡಂಗಿಲ್ಲ ಯವ್ವಾ. ನೀ ಎರಿಯಂಗಿಲ್ಲ."

ಕೂಸಿಗೆ ಎರೆಯುವುದು ಅಂದರೆ ಬರೀ ಸ್ನಾನವಲ್ಲ. ಬಾಣಂತನಕ್ಕೆ ಬಂದ ತಾಯಿ ಕೂಸಿಗೆ ಎರೆಯುವುದಿಲ್ಲ ಎಂದರೆ ಅವಳು ಬಂದದ್ದು ಯಾಕೆ ಎಂದು ಬಾಗೇವಾಡಿಯಲ್ಲಿ ಕೇಳುತ್ತಾರೆ. ಅಕ್ಕ ಹಲಗೆ ತೊಳೆದಿಟ್ಟಳು. ಸಂಜೆಯವರೆಗೆ ಮತ್ತೆ ಮಾತಾಡಲಿಲ್ಲ. ಭಾನುವಾರದ ಕಾಯಿದೆಯನ್ನು ಅಷ್ಟು ಚೆನ್ನಾಗಿ ಪಾಲಿಸಿದ ಮನೆ ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಸಂಜೆ ಇಂಡಿಯಿಂದ ಫೋನು ಬಂತು. ಸುದ್ದಿ ಹೇಗೆ ತಲುಪಿತೋ ತಿಳಿಯದು. ಅಳಿಯ ನೆಲ ನೋಡುತ್ತಿದ್ದ.

"ಗೌರವ್ವಾರ, ಕಾಳಜಿ ಮಾಡಬ್ಯಾಡ್ರಿ" ಎಂದರು ಕಾಶೀಬಾಯಿ. "ನಂದು ವೀಸಾ ತಯಾರ ಐತಿ. ನಿಂಬಿಕಾಯಿ ಉಪ್ಪಿನಕಾಯಿನೂ ಹಾಕಿಟ್ಟೇನಿ. ನೀವು ಆರಾಮ ಕುಂಡ್ರರಿ, ನಾ ಬಂದು ಎರಿತೇನಿ."

ಫೋನು ಇಟ್ಟ ಮೇಲೆ ಅಕ್ಕ ಮಗಳ ಕಡೆ ತಿರುಗಿದಳು. "ನಿಮ್ಮ ದವಾಖಾನಿ ಡಾಕ್ಟರ್ ಯಾವಾಗ ಸಿಗ್ತಾನ?"

ಡಾಕ್ಟರ ಕೋಣೆ

ಕೈಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಎತ್ತರದ, ನಿಧಾನದ ಮನುಷ್ಯ. ಮೇಜಿನ ಮೇಲೆ ಒಂದು ಕಪ್ಪು ನಾಯಿಯ ಚಿತ್ರವಿತ್ತು. ಅದೇ ಹೊತ್ತಿಗೆ ಸುಮಂಗಲಾಗೆ ತನ್ನ ತಪಾಸಣೆ ಇದ್ದುದರಿಂದ ಅನುವಾದದ ಹೊಣೆ ನನ್ನ ಮೇಲೆ ಬಿತ್ತು. ಮೂವತ್ತು ವರ್ಷ ಪರರ ವಾಕ್ಯ ತಿದ್ದಿದವನು ನಾನು. ಅಂದು ನಡೆದದ್ದನ್ನು ನಡೆದಂತೆಯೇ ದಾಖಲಿಸುತ್ತಿದ್ದೇನೆ.

ಇವರು ಏನು ಕೆಲಸ ಮಾಡುತ್ತಾರೆ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು. ರೊಟ್ಟಿ ಬಡಿಯುತ್ತಾಳೆ ಎಂದು ನಾನು ಅದೇ ಭಾಷೆಯಲ್ಲಿ ಹೇಳಿದೆ. 'ರೊಟ್ಟಿ' ಎಂಬ ಪದವನ್ನು ಹಾಗೇ ಇಟ್ಟೆ. 'ಬಡಿ' ಎಂಬುದಕ್ಕೆ ಹೊಡೆಯುವುದು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದ ಹಾಕಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು?"

"ದಿನಕ್ಕೆ ಇನ್ನೂರು. ಹಂಗಾಮಿನಲ್ಲಿ ಹೆಚ್ಚು."

"ಕೈಯಿಂದಲೇ?"

"ಬರಿಗೈಯಿಂದ. ಹನ್ನೆರಡನೇ ವಯಸ್ಸಿನಿಂದ."

ಅವರು ನಾಯಿಯ ಚಿತ್ರದ ಕಡೆ ನೋಡಿದರು. "ಹೊಡೆದ ಮೇಲೆ?"

"ಬೆಂಕಿಯ ಮೇಲೆ ಹಾಕುತ್ತಾಳೆ."

ಡಾಕ್ಟರು ಚಿತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಅವರು ಮೆಲ್ಲಗೆ, ನಿಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಅಡ್ಡಿ ಇಲ್ಲವೇ ಎಂದು ಕೇಳಿದರು.

"ಮಾರುವುದಾದರೆ ಮಾತ್ರ ಪರವಾನಗಿ ಬೇಕು" ಎಂದೆ.

ಜರ್ಮನಿಯಲ್ಲಿ ರಾಟ್‌ವೈಲರ್ ಜಾತಿಯ ನಾಯಿಯನ್ನು ಮುದ್ದಿನಿಂದ 'ರೊಟ್ಟಿ' ಎಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲಿನ ಚಿತ್ರ ಅಂಥದೊಂದು ರೊಟ್ಟಿಯದು.

"ಏನಾತೋ ತಮ್ಮಾ? ಮಾರಿ ಯಾಕ ಹಂಗ ಮಾಡ್ಯಾನ ಅಂವ?" ಅಕ್ಕ ಕೇಳಿದಳು.

"ನಿನ್ನ ಕೆಲಸ ಅವರಿಗೆ ಸರಿ ಅನ್ನಿಸಿಲ್ಲ ಅಂತ ಕಾಣುತ್ತೆ."

"ರೊಟ್ಟಿ ಬಡಿಯೂದ? ತಿಂದಿಲ್ಲ ಪಾಪ, ಹಂಗ ಮಾತಾಡ್ತಾನ."

ಅವಳು ಎದ್ದು, ಡಾಕ್ಟರ ಮೇಜಿನ ಕಾಗದಗಳನ್ನು ಒಂದು ಕಡೆ ಸರಿಸಿ, ಇಲ್ಲದ ಹಿಟ್ಟಿನ ಉಂಡೆ ಇಟ್ಟು, ಇಲ್ಲದ ಹಿಟ್ಟು ಉದುರಿಸಿ, ಬಡಿಯತೊಡಗಿದಳು. ಥಪ್, ಥಪ್, ಥಪ್. ಕೈ ಬೀಳುತ್ತಿತ್ತು, ರೊಟ್ಟಿ ತಿರುಗುತ್ತಿತ್ತು. ಪೆನ್ನುಗಳು ಕುಣಿದವು. ಡಾಕ್ಟರು ಎರಡು ಕ್ಷಣ ನೋಡಿ, ತಲೆ ಹಿಂದಕ್ಕೆ ಹಾಕಿ ನಕ್ಕರು. ಹೊರಗಿನಿಂದ ನರ್ಸ್ ಬಾಗಿಲು ತೆರೆದು ಇಣುಕಿದಳು. ಅವಳಿಗೂ ವಿಷಯ ತಿಳಿಯಿತು. ಇಡೀ ವಿಭಾಗಕ್ಕೆ ತಿಳಿಯಲು ಹತ್ತು ನಿಮಿಷ ಸಾಕಾಯಿತು. ಈ ವೇಗದಲ್ಲಿ ಆ ಆಸ್ಪತ್ರೆ ನಮ್ಮ ಸಿಂದಗಿ ಬಸ್ ನಿಲ್ದಾಣಕ್ಕೆ ಕಡಿಮೆಯಿರಲಿಲ್ಲ.

ನಕ್ಕು ಮುಗಿಸಿದ ಡಾಕ್ಟರು, ಇನ್ನೊಮ್ಮೆ ಬಡಿಯಿರಿ ಎಂದರು. ಈ ಸಲ ಬಗ್ಗಿ, ಅಂಗೈಯ ಯಾವ ಭಾಗ ಹಲಗೆಗೆ ತಾಗುತ್ತದೆ ಎಂದು ನೋಡಿದರು. ಜೋಮು ಹಿಡಿದಾಗ ಏನು ಮಾಡುತ್ತೀರಿ ಎಂದು ಕೇಳಿದರು. ಅಕ್ಕ ಕೈ ಝಾಡಿಸಿ ತೋರಿಸಿದಳು. ಸೊಳ್ಳೆಯ ಮಾತು ಬರಲಿಲ್ಲ. ಅರ್ಧ ರೋಗನಿರ್ಣಯ ಅಲ್ಲೇ ಆಯಿತು ಎಂದರು ಅವರು. ಆಮೇಲೆ ಒಂದು ಕಾಗದದ ಕ್ಲಿಪ್ಪನ್ನು ಬಗ್ಗಿಸಿ, ಎರಡು ತುದಿಯನ್ನೂ ಒಟ್ಟಿಗೆ ಅವಳ ತೋರುಬೆರಳಿಗೆ ತಾಗಿಸಿದರು. ಕಣ್ಣು ಮುಚ್ಚಿದ್ದ ಅಕ್ಕ "ಒಂದ" ಎಂದಳು. ಕಿರುಬೆರಳಿಗೆ ತಾಗಿಸಿದಾಗ "ಎರಡು" ಎಂದಳು. ನರದಲ್ಲಿ ವಿದ್ಯುತ್ ಹರಿಸಿ ನೋಡುವ ಪರೀಕ್ಷೆಯನ್ನೂ ಮಾಡಿಸಿದರು. ಅದರ ಬಗ್ಗೆ ಅಕ್ಕನ ವರದಿ: "ಒದ್ದಿ ಕೈಲೆ ಮೋಟರ್ ಸ್ವಿಚ್ ಮುಟ್ಟಿದಂಗ."

ಡಾಕ್ಟರು ಹೇಳಿದ್ದರ ಸಾರ ಹೀಗಿತ್ತು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಕೆಳಗೆ ಎಲುಬು, ಮೇಲೆ ಚಾವಣಿಯಂತೆ ಅಡ್ಡ ಹಾಸಿದ ಒಂದು ಗಟ್ಟಿ ಪಟ್ಟಿ. ಬೆರಳು ಮಡಚುವ ಒಂಬತ್ತು ಹುರಿಗಳೂ ಒಂದು ನರವೂ ಅದರೊಳಗೆ ಹಾದು ಹೋಗುತ್ತವೆ. ಒಳಗೆ ಒತ್ತಡ ಹೆಚ್ಚಿದರೆ ಹುರಿಗಳು ತಾಳಿಕೊಳ್ಳುತ್ತವೆ, ನರ ತಾಳುವುದಿಲ್ಲ. ಮದ್ದು ಒಂದೇ, ಚಾವಣಿಯನ್ನು ಕತ್ತರಿಸಿ ಬಿಡುವುದು.

ನಾನು ಹೇಳಿದ್ದನ್ನು ಕೇಳಿದ ಅಕ್ಕ, "ಅಂದ್ರ ಗೇಟ್ ಎತ್ತೂದು" ಎಂದಳು. ಮನೆಯಲ್ಲಿ ಕಾಲುವೆ ಕೆಲಸದ ಗಂಡ ಇದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು.

ಕತ್ತರಿಸಲು ಎರಡು ದಾರಿ. ಒಂದು, ಅಂಗೈಯನ್ನು ಕೊಯ್ದು ತೆರೆದು, ಕಣ್ಣಾರೆ ನೋಡಿ ಕತ್ತರಿಸುವುದು. ಇನ್ನೊಂದು, ಮಣಿಕಟ್ಟಿನ ಮಡಿಕೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಇರುವ ಕೊಳವೆ ತೂರಿಸಿ, ಒಳಗಿನಿಂದ ಕತ್ತರಿಸುವುದು.

"ಬಾಗಲ ತಗದು ಹೋಗೂದು, ಇಲ್ಲಾ ಕಿಂಡ್ಯಾಗಿಂದ ಇಣಕೂದು" ಎಂದಳು ಅಕ್ಕ. "ಯಾವುದು ಚಲೋ ಅಂತ ಕೇಳು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಒಂದು ವರ್ಷದ ನಂತರ ಎರಡೂ ಬಗೆಯಲ್ಲಿ ಕೊಯ್ದ ಕೈಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ ಎಂದರು. ವ್ಯತ್ಯಾಸ ಮೊದಲ ಕೆಲವು ವಾರಗಳದು. ಅಂಗೈ ಕೊಯ್ದರೆ ಒಳಗಿನದೆಲ್ಲ ಕಾಣುತ್ತದೆ, ಆದರೆ ಅಂಗೈಯ ಬುಡ ಕೆಲವು ತಿಂಗಳು ಒತ್ತಿದರೆ ನೋಯಬಹುದು. ಕಿಂಡಿಯಿಂದ ಹೋದರೆ ಜನ ಕೆಲಸಕ್ಕೆ ಬೇಗ ಮರಳುತ್ತಾರೆ, ಆದರೆ ನರಕ್ಕೆ ತಾತ್ಕಾಲಿಕ ಪೆಟ್ಟಾಗುವ ಸಂಭವ ತುಸು ಹೆಚ್ಚು. ಒಳಗೆ ಸರಿಯಾಗಿ ಕಾಣದಿದ್ದರೆ ನಡುವೆಯೇ ಕಿಂಡಿ ಬಿಟ್ಟು ಬಾಗಿಲು ತೆರೆಯಬೇಕಾಗುತ್ತದೆ. "ಕಂಪ್ಯೂಟರಿನ ಮುಂದೆ ಕೂರುವವರಾದರೆ ಯಾವುದಾದರೂ ಸರಿ ಎನ್ನುತ್ತಿದ್ದೆ. ಇವರು ಪೆಟ್ಟು ಹಾಕುವುದೇ ಅಂಗೈಯ ಬುಡದಿಂದ. ಅಂಗೈ ತೆರೆಯುವುದಾದರೆ ಕೊಯ್ಯಬೇಕಾದದ್ದೂ ಅಲ್ಲೇ."

ಅಕ್ಕನಿಗೆ ನಾನು ಹೇಳಿದೆ. ಅವಳು ಅಂಗೈ ನೋಡಿಕೊಂಡಳು.

"ಹಂಗಾರ ಕಾಶೀಬಾಯಿ ಕೊಯಿಸ್ಕೊಂಡ ಮ್ಯಾಲ ನಾಕ ತಿಂಗಳ ಸೊಸಿ ಕೈಲೆ ರೊಟ್ಟಿ ಮಾಡಿಸಿದ್ಲಲ್ಲ, ಅದು ನೋವಿಂದು. ನಾ ಮೈಗಳ್ಳತನ ಅಂದಿದ್ದೆ."

ಆಮೇಲೆ, "ಕಿಂಡಿನ ಇರಲಿ" ಎಂದಳು.

ಮಂಗಳವಾರ

ಆ ಮಂಗಳವಾರದ ಸುದ್ದಿಯನ್ನು ಮೊದಲೇ ಕೊಟ್ಟಿದ್ದೇನೆ. ಕೈಯಷ್ಟೇ ಜೋಮು ಹಿಡಿಯುವಂತೆ ಸೂಜಿ ಚುಚ್ಚಿದ್ದರು. ಅಕ್ಕ ಎಚ್ಚರವಾಗಿದ್ದಳು. ಪರದೆಯ ಮೇಲೆ ತನ್ನ ಕೈಯೊಳಗನ್ನು ತಾನೇ ನೋಡಿದಳು. ಬೆಳ್ಳಗೆ ಇತ್ತಂತೆ. "ಮಗ್ಗದ ಮ್ಯಾಲ ನೂಲು ಹಾಸಿದಂಗ ಇತ್ತು. ಅಂವ ಕೊಯ್ಯೂದಕ್ಕ ಎರಡೂ ಕಡೆ ಸರೀತು" ಎಂದು ಫೋನಿನಲ್ಲಿ ಭಾವನಿಗೆ ಹೇಳಿದಳು.

"ನೀರು ಬಂತೇನ?" ಎಂದು ಕೇಳಿದರು ಭಾವ. ಗೇಟು ಎತ್ತಿದವರಿಗೆ ಬೇರೇನು ತೋಚಬೇಕು.

ಇಂಡಿಗೂ ಸುದ್ದಿ ಹೋಯಿತು. ಕಾಶೀಬಾಯಿಗೆ ಸಮಾಧಾನವಾಗಲಿಲ್ಲ. "ಕಿಂಡ್ಯಾಗ ಇಣಕಿ ಕೊಯ್ದರ ಪೂರಾ ಕೊಯ್ದಾರೋ ಅರ್ಧ ಬಿಟ್ಟಾರೋ ಯಾರಿಗೆ ಗೊತ್ರಿ? ನಂದು ಹಂಗಲ್ಲ. ತಗದು, ನೋಡಿ, ಕೊಯ್ದಾರ. ವೀಸಾಕ್ಕ ಇನ್ನೂ ತಾರೀಖ ಐತಿ, ಹೇಳ್ರಿ ಮತ್ತ."

ಆ ರಾತ್ರಿ ಅಕ್ಕ ನಿದ್ದೆಯ ನಡುವೆ ಎದ್ದು ಕೈ ಝಾಡಿಸಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿ. ಬೆರಳ ತುದಿಗಳು ಮಾತ್ರ ಮೊದಲಿನಂತೆಯೇ ಇದ್ದವು. ತುದಿಗೆ ಅರಿವು ಬರಲು ವಾರಗಳಾಗಬಹುದು, ತಿಂಗಳುಗಳಾಗಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈ ಕೊನೆಯ ಮಾತನ್ನು ನಾನು ಅಕ್ಕನಿಗೆ ಅನುವಾದಿಸಿರಲಿಲ್ಲ.

ಹೊಲಿಗೆ ಮತ್ತು ಹೊಕ್ಕುಳು

ಶನಿವಾರ ಹೆಣ್ಣು ಕೂಸು ಹುಟ್ಟಿತು. ಹೇಳಿದ ದಿನಕ್ಕಿಂತ ಎರಡು ವಾರ ಮೊದಲು.

ಅಕ್ಕನ ಹೊಲಿಗೆ ಬಿಚ್ಚುವುದು ಮಂಗಳವಾರದಿಂದ ಹದಿಮೂರನೇ ದಿನ, ಸೋಮವಾರ. ಅಲ್ಲಿಯ ತನಕ ಕೈಗೆ ನೀರು ಸೋಕುವಂತಿರಲಿಲ್ಲ. ನಮ್ಮಲ್ಲಾದರೆ ಅಷ್ಟರಲ್ಲಿ ಕೂಸಿಗೆ ಎಷ್ಟೋ ಸಲ ಎರೆದಿರುತ್ತಿದ್ದರು, ಆಟ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕನನ್ನು ಕಾಪಾಡಿದ್ದು ಜರ್ಮನಿಯ ಪದ್ಧತಿ. ಹೆರಿಗೆಯಾದ ಮೇಲೆ ಮನೆಗೇ ಬಂದು ತಾಯಿ, ಕೂಸು ಇಬ್ಬರನ್ನೂ ನೋಡಿಕೊಳ್ಳುವ ಸೂಲಗಿತ್ತಿಯನ್ನು ಅಲ್ಲಿ ಗೊತ್ತು ಮಾಡಿರುತ್ತಾರೆ. ನಮಗೆ ಬಂದವಳು ಉಲ್ರಿಕೆ, ಸೈಕಲ್ಲಿನ ಮೇಲೆ ಬರುವ ಐವತ್ತರ ಹೆಂಗಸು. ಹೊಕ್ಕುಳ ಬಳ್ಳಿ ಒಣಗಿ ಬೀಳುವವರೆಗೆ ಸ್ನಾನ ಬೇಡ, 'ಒರೆಸಿದರೆ ಸಾಕು' ಎಂದಳು. ಆಮೇಲೆ ವಾರಕ್ಕೆ ಒಂದು ಸ್ನಾನ.

"ವಾರಕ್ಕ?" ಎಂದಳು ಅಕ್ಕ. ನಮ್ಮ ಕಡೆ ವಾರಕ್ಕೊಮ್ಮೆ ಮೈ ತೊಳೆಯುವುದು ಟ್ರ್ಯಾಕ್ಟರಿಗೆ.

ಅಲ್ಲಿಂದ ಮನೆಯಲ್ಲಿ ಒಂದು ಪಂದ್ಯ ನಡೆಯಿತು. ಯಾವುದು ಮೊದಲು, ಅಜ್ಜಿಯ ಹೊಲಿಗೆಯೋ, ಮೊಮ್ಮಗಳ ಹೊಕ್ಕುಳೋ? ಅಕ್ಕ ದಿನಾ ಬೆಳಗ್ಗೆ ಮೊದಲು ಕೂಸಿನ ಹೊಟ್ಟೆ ನೋಡುತ್ತಿದ್ದಳು, ಆಮೇಲೆ ತನ್ನ ಪಟ್ಟಿ. "ಗಡಿಬಿಡಿ ಮಾಡಬ್ಯಾಡ ನಮ್ಮವ್ವಾ" ಎಂದು ಕೂಸಿಗೆ ಹೇಳುತ್ತಿದ್ದಳು. ಇಂಡಿಯಿಂದಲೂ ದಿನಾ ಫೋನು ಬರುತ್ತಿತ್ತು. "ಬಿತ್ತೇನ್ರೀ?" ಎಂದು ಕಾಶೀಬಾಯಿ ಕೇಳುತ್ತಿದ್ದರು. ಏನು ಎಂದು ಅವರು ಹೇಳುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ.

ಎಂಟನೆಯ ದಿನ, ಭಾನುವಾರ, ಹೊಕ್ಕುಳು ಬಿತ್ತು. ಹೊಲಿಗೆಗೆ ಇನ್ನೂ ಒಂದು ದಿನವಿತ್ತು. ಅಕ್ಕ ಕುರ್ಚಿಯಲ್ಲಿ ಕೂತುಬಿಟ್ಟಳು. ಉಲ್ರಿಕೆಗೆ ಫೋನು ಮಾಡಿದ ಸುಮಂಗಲಾ ಸ್ವಲ್ಪ ಹೊತ್ತು ಮಾತಾಡಿ ಬಂದಳು.

"ಎರಡು ದಿನ ಒಣಗಲಿ ಅಂದ್ಳು. ಬುಧವಾರ ಬರ್ತಾಳಂತ."

"ಭಾನುವಾರ ಆಕಿ ಸೂಟಿ ಇರ್ತಾಳಲ್ಲ?" ಎಂದಳು ಅಕ್ಕ. "ಫೋನ್ ಹ್ಯಾಂಗ ಎತ್ತಿದ್ಳು?"

"ಎತ್ತಿದ್ಳು."

"ಚಲೋ ಹೆಂಗಸು. ಆಕಿಗೆ ಎರಡು ರೊಟ್ಟಿ ಕೊಡು."

ಸೋಮವಾರ ಡಾಕ್ಟರು ಹೊಲಿಗೆ ಬಿಚ್ಚಿದರು. ಕ್ಲಿಪ್ಪಿನ ಎರಡು ತುದಿಯನ್ನು ತೋರುಬೆರಳಿಗೆ ತಾಗಿಸಿದರು. ಅಕ್ಕ ಒಮ್ಮೆ ಒಂದು ಎಂದಳು, ಒಮ್ಮೆ ಎರಡು ಎಂದಳು, ಒಮ್ಮೆ ಒಂದೂವರೆ ಎಂದಳು. ಡಾಕ್ಟರು ಮೂರನ್ನೂ ಬರೆದುಕೊಂಡರು. ಕೈಯನ್ನು ಬುಧವಾರ ನೀರಿಗೆ ಹಾಕಬಹುದು ಎಂದರು. ನೀರಿನ ಬಿಸಿ ಗೊತ್ತಾಗುತ್ತದೆಯೇ ಎಂಬುದಕ್ಕೆ ಅವರಲ್ಲಿ ಪರೀಕ್ಷೆ ಇರಲಿಲ್ಲ, ಅಥವಾ ಮಾಡಲಿಲ್ಲ.

ಬುಧವಾರ

ಅಲ್ಲಿನ ಬಚ್ಚಲಮನೆಗೆ ಹೊರಗೆ ನೀರು ಹೋಗುವ ಮೋರಿ ಇರುವುದಿಲ್ಲ. ನೀರೆಲ್ಲ ತೊಟ್ಟಿಯೊಳಗೇ ಬೀಳಬೇಕು. ಒಂದು ಹನಿ ಹೊರಗೆ ಚೆಲ್ಲಿದರೂ ಕೆಳಗಿನ ಇಸ್ತ್ರಿ ಅಂಗಿಯ ಮುದುಕ ಮೇಲೆ ಬರುತ್ತಾನೆ. ಹೀಗಾಗಿ ಅಕ್ಕ ಸೀರೆ ಎತ್ತಿ ಕಟ್ಟಿ, ಒಣ ತೊಟ್ಟಿಯೊಳಗೆ ಹೋಗಿ ಕಾಲು ಚಾಚಿ ಕೂತಳು. ಕೂಸನ್ನು ಮಲಗಿಸಿಕೊಳ್ಳಲು ಕಾಲು ತಯಾರಿತ್ತು. ಪಕ್ಕದ ಸ್ಟೂಲಿನ ಮೇಲೆ ಬಕೆಟ್ಟು, ತಂಬಿಗೆ.

ಉಲ್ರಿಕೆಗೆ ಈ ಆಸನ ಹೊಸದು. ಅವಳು ಒಂದು ಸುತ್ತು ನೋಡಿ, ಚೀಲದಿಂದ ಸಣ್ಣ ಮೀನಿನ ಆಕಾರದ ಪ್ಲಾಸ್ಟಿಕ್ ತಾಪಮಾಪಕ ತೆಗೆದಳು. ನೀರು ಮೂವತ್ತೇಳು ಡಿಗ್ರಿ ಇರಬೇಕು ಎಂದಳು. ಸುಮಂಗಲಾ ಕೂಸನ್ನು ಎದೆಗೆ ಅವಚಿ ಬಾಗಿಲಲ್ಲಿ ನಿಂತಿದ್ದಳು. ಕೊಡಲಿಲ್ಲ. ಅಳಿಯ ಬಾಗಿಲಾಚೆ ಫೋನು ಹಿಡಿದಿದ್ದ. ಪರದೆಯ ಮೇಲೆ ಇಂಡಿಯ ಕಾಶೀಬಾಯಿ ಇದ್ದರು.

"ನೀರ ನೋಡು ಯವ್ವಾ" ಎಂದಳು ಸುಮಂಗಲಾ.

ಅಕ್ಕನ ಕೈ ಬಕೆಟ್ಟಿನ ಕಡೆ ಹೋಯಿತು. ಕಿರುಬೆರಳು ತಾನಾಗಿಯೇ ಮುಂದೆ ಬಂದಿತ್ತು.

"ಅದಲ್ಲ."

ಅಕ್ಕ ಕಿರುಬೆರಳನ್ನು ಮಡಚಿದಳು. ಉಂಗುರಬೆರಳನ್ನೂ ಮಡಚಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರನ್ನು ನೀರಿಗೆ ಇಳಿಸಿದಳು. ಫೋನಿನಲ್ಲಿ ಇಂಡಿಯ ರಸ್ತೆಯ ಒಂದು ಹಾರ್ನ್ ಕೇಳಿಸಿತು. ಅವಳು ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು. ನಾನು ಗಡಿಯಾರ ನೋಡಿಕೊಂಡೆ, ಅಭ್ಯಾಸಬಲ. ಒಂಬತ್ತು ಸೆಕೆಂಡು.

"ಸುಡತೈತಿ" ಎಂದಳು. "ಒಂದ ತಂಬಗಿ ತಣ್ಣೀರ ಹಾಕ್ರಿ."

ಉಲ್ರಿಕೆ ಮೀನನ್ನು ನೀರಿಗೆ ಬಿಟ್ಟಳು. ಎಲ್ಲರೂ ಬಗ್ಗಿದರು. ನಲವತ್ತು ಎಂದು ತೋರಿಸುತ್ತಿತ್ತು.

ಅಳಿಯ ತಣ್ಣೀರು ಸುರಿದ. ಅಕ್ಕ ಮತ್ತೆ ಮೂರು ಬೆರಳು ಅದ್ದಿ, ಸಾಕು ಎಂದಳು. ಮೀನು ಮೂವತ್ತೇಳು ತೋರಿಸಿತು. ಸುಮಂಗಲಾ ಕೂಸನ್ನು ತಾಯಿಯ ಕಾಲ ಮೇಲೆ ಇಟ್ಟಳು.

"ಸಾವಕಾಶ ಎರಿರಿ ಗೌರವ್ವಾರ, ಕಿವಿಗೆ ನೀರ ಹೋದೀತು" ಎಂದರು ಫೋನಿನಿಂದ ಕಾಶೀಬಾಯಿ.

"ನಂಗೂ ಮಕ್ಕಳು ಆಗ್ಯಾವ್ರಿ" ಎಂದಳು ಅಕ್ಕ.

ನಾನು ಫೆಬ್ರವರಿ ಕೊನೆಗೆ ಊರಿಗೆ ಮರಳಿದೆ. ಅಕ್ಕ ವೀಸಾ ಮುಗಿಯುವವರೆಗೆ ಅಲ್ಲಿಯೇ ಇರುತ್ತಾಳೆ. ಕೂಸಿಗೆ ದಿನಾ ಎರೆಯುತ್ತಾಳೆ. ಉಲ್ರಿಕೆಗೆ ವಾರಕ್ಕೊಮ್ಮೆ ಎಂದು ಹೇಳಲಾಗಿದೆ. ಕಳೆದ ಶನಿವಾರ, ಗಾಯವಾದ ಆರನೆಯ ವಾರದ ಕೊನೆಗೆ, ಅವಳು ಬಲಗೈಯಿಂದ ಹನ್ನೊಂದು ರೊಟ್ಟಿ ಬಡಿದಳು. ಎರಡು ಹರಿದವು. ಡಾಕ್ಟರ ಮನೆಗೆ ಹೋದ ಅವೆರಡನ್ನೂ ಅವರ ಕಪ್ಪು ರೊಟ್ಟಿ ತಿಂದಿತು.